ಬರ್ಲಿ, ಬರ್ಲಿ, ಹೋಲ್ಡಾನ್

ಮೀನು ಸಿಕ್ಕಿತೇ ಎಂದು ಎಲ್ಲರೂ ಕೇಳುತ್ತಾರೆ. ದೋಣಿಯನ್ನು ಕೆರೆಯವರೆಗೆ ಹೇಗೆ ಒಯ್ದಿರಿ, ಇಳಿಜಾರಿನಲ್ಲಿ ಗಾಡಿಯನ್ನು ಹಿಂದೆ ಹೇಗೆ ಹೊಡೆದಿರಿ ಎಂದು ಒಬ್ಬರೂ ಕೇಳಿದ್ದಿಲ್ಲ. ಹನ್ನೊಂದು ವರ್ಷದಿಂದ ಮಿಷಿಗನ್‌ನ ಕೆರೆಗಳಲ್ಲಿ ಕಯಾಕ್ ಇಳಿಸಿ ಮೀನು ಹಿಡಿಯುತ್ತಿದ್ದೇನೆ. ಒಳ್ಳೆಯ ಮೀನು ಸಿಕ್ಕ ದಿನಗಳು ಒಂದರೊಳಗೊಂದು ಬೆರೆತುಹೋಗಿವೆ. ಟ್ರೇಲರು ಎಲ್ಲೂ ಸೊಟ್ಟಗಾಗದೆ, ಒಂದೇ ಸಲಕ್ಕೆ ನೀರಂಚಿಗೆ ಹೋಗಿ ನಿಂತ ಬೆಳಗುಗಳು ಮಾತ್ರ ಒಂದೊಂದೂ ಬೇರೆಯಾಗಿ ಕಣ್ಣ ಮುಂದಿವೆ: ಅವತ್ತಿನ ಮಂಜು, ಕನ್ನಡಿಯಲ್ಲಿ ಕಂಡ ಕೆಂಪು ದೀಪ, ಕಾಂಕ್ರೀಟಿನ ಗೀರುಗಳ ಮೇಲೆ ಚಕ್ರ ಉರುಳಿದ ಗರಗರ ಸದ್ದು. ಸಂಗೀತ ಕಚೇರಿ ಕೇಳಿ ಮನೆಗೆ ಬಂದವರು ಒಂದು ಸಂಗತಿಯನ್ನು ಬಾಯೊಳಗೇ ಗುನುಗಿಕೊಳ್ಳುತ್ತಾರಲ್ಲ, ಹಾಗೆ ಆ ಮೂವತ್ತು ಅಡಿ ಹಿಂದೆ ಸರಿದದ್ದನ್ನು ನಾನು ದಿನವಿಡೀ ಮೆಲುಕು ಹಾಕುತ್ತೇನೆ.

ನಾವಿರುವುದು ಡೆಟ್ರಾಯಿಟ್‌ನ ವಾಯವ್ಯಕ್ಕೆ, ನೊವೈ ಎಂಬ ಊರಿನಲ್ಲಿ. ಈ ರಾಜ್ಯದಲ್ಲಿ ಒಳನಾಡಿನ ಕೆರೆಗಳೇ 11,000ಕ್ಕೂ ಹೆಚ್ಚು. ಸುತ್ತಲಿನ ಮಹಾಸರೋವರಗಳ ಲೆಕ್ಕ ಬೇರೆ. ಮನೆಯಿಂದ ಅರ್ಧ ಗಂಟೆಯೊಳಗೆ ಕೆನ್ಸಿಂಗ್ಟನ್ ಮೆಟ್ರೊಪಾರ್ಕಿನ ಕೆಂಟ್ ಲೇಕ್ ಸಿಗುತ್ತದೆ. ಹ್ಯುರಾನ್ ನದಿಗೆ ಒಡ್ಡು ಹಾಕಿ ಮಾಡಿದ ಸುಮಾರು 1,200 ಎಕರೆಯ ಕೆರೆ ಅದು. ಇನ್ನೂ ದೂರ ಹೋಗುವ ಮನಸ್ಸಿದ್ದರೆ ಪೂರ್ವಕ್ಕೆ ಲೇಕ್ ಸೇಂಟ್ ಕ್ಲೇರ್. ಎಲ್ಲಿಗೇ ಹೋದರೂ ಕಾರಿನ ಹಿಂದೆ ಒಂದು ಪುಟ್ಟ ಟ್ರೇಲರು, ಅದರ ಮೇಲೆ ಎರಡು ಕಯಾಕ್. ಒಂದು ನನ್ನದು, ಒಂದು ನನ್ನ ಹೆಂಡತಿಯದು.

ಕಯಾಕ್ ಎಂಬ ಮಾತೂ ದೋಣಿಯೂ ಉತ್ತರ ಧ್ರುವದ ಸೆರಗಿನಲ್ಲಿ ಬಾಳುವ ಇನುಯಿಟ್ ಜನರದು. ಮರ ಬೆಳೆಯದ ನಾಡು ಅದು. ಕಡಲಲ್ಲಿ ತೇಲಿಬಂದ ಮರದ ತುಂಡುಗಳಿಂದ ಹಂದರ ಕಟ್ಟಿ, ಮೇಲೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಹೊಲಿದು ಬೇಟೆಗಾರ ತನ್ನ ದೋಣಿಯನ್ನು ತಾನೇ ಮಾಡಿಕೊಳ್ಳುತ್ತಿದ್ದ. ಅಳತೆಗೆ ಅವನ ಮೈಯೇ ಕೋಲು: ಮೂರು ಮಾರು ಉದ್ದ, ಸೊಂಟಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು ಅಗಲ. ತೋಳು ಚಾಚಿ ಮಾರು ಹಾಕಿ ಹಗ್ಗ ಅಳೆಯುವುದನ್ನು ಮುಧೋಳದ ಸಂತೆಯಲ್ಲಿ ನೋಡುತ್ತ ಬೆಳೆದ ನನಗೆ ಈ ವಿಷಯ ಮೊದಲು ಗೊತ್ತಾದಾಗ ಆದ ಸಂತೋಷ ಇವತ್ತಿಗೂ ಆರಿಲ್ಲ. ಹಂಪಿಯಲ್ಲಿ ತುಂಗಭದ್ರೆ ದಾಟಿಸುವ ಹರಿಗೋಲೂ ಇದೇ ಬಳಗದ್ದು. ಒಳಗೆ ಬಿದಿರಿನ ಹೆಣಿಗೆ, ಹೊರಗೆ ಹಿಂದೆಲ್ಲ ತೊಗಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂತೆ ದುಂಡಗಿರುವ ಈ ತೊಗಲಿನ ದೋಣಿಗಳ ವಿಷಯ ಬರೆದಿಟ್ಟಿದ್ದಾನೆ. ದಾಟಿಸುವ ಕೆಲಸ ಮುಗಿದ ಮೇಲೆ ಅಂಬಿಗ ಹರಿಗೋಲನ್ನು ಬೆನ್ನ ಮೇಲೆ ಕವುಚಿಕೊಂಡು ಆಮೆಯ ಹಾಗೆ ದಡ ಹತ್ತುತ್ತಾನೆ. ಅದನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ದೋಣಿಯನ್ನು ನೆಲದ ಮೇಲೆ ಒಯ್ಯುವುದೂ ಅಂಬಿಗನ ವಿದ್ಯೆಯೇ.

ಈಗಿನ ಮೀನುಗಾರಿಕೆ ಕಯಾಕ್ ಬೆನ್ನ ಮೇಲೆ ಹೊರುವಂಥದ್ದಲ್ಲ. ನನ್ನದು ಹನ್ನೆರಡು ಅಡಿ ಉದ್ದ. ಕೂರುವ ಕುರ್ಚಿ, ಕಾಲಲ್ಲಿ ತುಳಿಯುವ ಪೆಡಲು, ಗಾಳ ಸಿಕ್ಕಿಸುವ ಗೂಟಗಳು ಎಲ್ಲ ಸೇರಿ 55 ಕೆ.ಜಿ. ತೂಗುತ್ತದೆ. ಪಾಲಿಥೀನ್ ಪುಡಿಯನ್ನು ಅಚ್ಚಿನೊಳಗೆ ಸುರಿದು, ಅಚ್ಚನ್ನು ಕಾಯಿಸುತ್ತ ಎಲ್ಲ ಕಡೆಗೂ ಹೊರಳಿಸಿ ಇದನ್ನು ಮಾಡುತ್ತಾರೆ. ನಮ್ಮ ತಾರಸಿಯ ಮೇಲಿನ ಸಿಂಟೆಕ್ಸ್ ಟ್ಯಾಂಕ್ ಹುಟ್ಟುವುದೂ ಹೀಗೇ. ಕಲ್ಲಿಗೆ ತಾಗಿದರೆ ಒಡೆಯುವುದಿಲ್ಲ, ಬಿಸಿಲಿಗೆ ಮಾತ್ರ ಮೆತ್ತಗಾಗುತ್ತದೆ. ಮೊದಲೆರಡು ವರ್ಷ ಕಾರಿನ ತಲೆ ಮೇಲೆ ಏರಿಸುತ್ತಿದ್ದೆವು. ಬೆಳಿಗ್ಗೆ ಏರಿಸುವುದು ಹೇಗೋ ಆಗುತ್ತಿತ್ತು. ಆರು ಗಂಟೆ ನೀರಿನಲ್ಲಿದ್ದು ದಣಿದ ಮೇಲೆ ಒದ್ದೆ ದೋಣಿಯನ್ನು ಮತ್ತೆ ತಲೆಗಿಂತ ಮೇಲೆ ಎತ್ತುವುದು ಭುಜಕ್ಕೂ ಕಾರಿಗೂ ಒಳ್ಳೆಯದಲ್ಲ. ಟ್ರೇಲರಿನ ಮೇಲೆ ದೋಣಿ ಸೊಂಟದ ಎತ್ತರದಲ್ಲಿ ಕೂರುತ್ತದೆ. ಟ್ರೇಲರು ಕೊಂಡ ದಿನ ಸುಖ ಸಿಕ್ಕಿತು ಅಂದುಕೊಂಡೆ. ನಿಜವಾಗಿ ಸಿಕ್ಕಿದ್ದು ಒಂದು ಹೊಸ ವಿದ್ಯೆ.

ಆ ವಿದ್ಯೆ ಶುರುವಾಗುವುದು ಒಂದು ಕಬ್ಬಿಣದ ಗುಂಡಿನಿಂದ. ಕಾರಿನ ಹಿಂದೆ ಎರಡು ಇಂಚು ಅಡ್ಡಳತೆಯ ಗುಂಡು; ಟ್ರೇಲರಿನ ಮೂತಿಯಲ್ಲಿ ಅದನ್ನು ಕವುಚಿ ಹಿಡಿಯುವ ಬಟ್ಟಲು. ಗುಂಡು ಸಾಮಾನ್ಯವಾಗಿ ಮೂರು ಅಳತೆಗಳಲ್ಲಿ ಬರುತ್ತದೆ, ಬಟ್ಟಲೂ ಹಾಗೆಯೇ. ಎರಡರ ಮೇಲೂ ಕೆತ್ತಿರುವ ಅಂಕಿ ಒಂದೇ ಇರಬೇಕು. ಚಿಕ್ಕ ಗುಂಡಿನ ಮೇಲೆ ದೊಡ್ಡ ಬಟ್ಟಲೂ ಕೂರುತ್ತದೆ, ಕೂತ ಹಾಗೆಯೇ ಕಾಣುತ್ತದೆ, ಆಮೇಲೆ ಯಾವುದೋ ಹಳ್ಳ ಹಾರಿದಾಗ ಕಳಚಿಕೊಳ್ಳುತ್ತದೆ. ಸರಿಯಾದ ಬಟ್ಟಲು ಸರಿಯಾದ ಗುಂಡಿನ ಮೇಲೆ ಇಳಿದಾಗ ಬರುವ ಸದ್ದು ಬೇರೆಯೇ. ಹಳೆ ಮನೆಯ ತಲೆಬಾಗಿಲ ಅಗುಳಿ ತೂತಿಗೆ ಬಿದ್ದ ಸದ್ದು ಅದು. ಅಗುಳಿ ಬಿದ್ದಿತು ಎಂದು ಕಿವಿಗೆ ಗೊತ್ತಾದರೂ ಕೈಯಿಂದ ಒಮ್ಮೆ ಎಳೆದು ನೋಡುತ್ತಿದ್ದಳು ನಮ್ಮಮ್ಮ. ನಾನೂ ಚಿಲಕ ಒತ್ತಿ, ಪಿನ್ನು ತೂರಿಸಿ, ಟ್ರೇಲರಿನ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ನೋಡುತ್ತೇನೆ. ಕಾರೇ ಅಲ್ಲಾಡಬೇಕು, ಬಟ್ಟಲು ಮೇಲೇಳಬಾರದು.

ಗುಂಡಿನಿಂದ ಟ್ರೇಲರಿನ ಮೈಗೆ ಹೋಗುವ ಉದ್ದನೆಯ ತೊಲೆಗೆ ಇಲ್ಲಿ ನಾಲಿಗೆ ಅನ್ನುತ್ತಾರೆ. ನನಗೆ ಅದು ಮೂಕಿ. ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಟ್ರೇಲರಿನ ಅರ್ಧ ಶಾಸ್ತ್ರ ಬಂದಂತೆಯೇ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಜತ್ತಿಗೆ ಬಿಗಿಯುತ್ತದೆ. ಹೇರು ಮುಗಿದ ಮೇಲೆ ಅಪ್ಪ ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿ, ಎರಡು ಚೀಲ ಹಿಂದಿನಿಂದ ಮುಂದಕ್ಕೆ ಸರಿಸುತ್ತಿದ್ದದ್ದು ನೆನಪಿದೆ. ಇಲ್ಲಿಯ ಲೆಕ್ಕವೂ ಅದೇ, ಅಂಕಿಗಳಲ್ಲಿ ಹೇಳುತ್ತಾರೆ ಅಷ್ಟೆ. ಒಟ್ಟು ಭಾರದ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಗುಂಡಿನ ಮೇಲೆ ಕೂರಬೇಕು. ನನ್ನ ಟ್ರೇಲರು, ಎರಡು ದೋಣಿ, ಸಾಮಾನು ಎಲ್ಲ ಸೇರಿ 220 ಕೆ.ಜಿ.; ಅಂದರೆ ಗುಂಡಿಗೆ 22ರಿಂದ 33 ಕೆ.ಜಿ. ಬಚ್ಚಲುಮನೆಯ ತೂಕದ ಯಂತ್ರವನ್ನೇ ತಂದು, ಅದರ ಮೇಲೆ ಗುಂಡಿನ ಎತ್ತರಕ್ಕೆ ಸರಿಯಾಗಿ ಒಂದು ಮರದ ತುಂಡು ನಿಲ್ಲಿಸಿ, ಮೂಕಿಯನ್ನು ಅದರ ಮೇಲಿಟ್ಟು ತೂಗುತ್ತೇನೆ. ಮುಳ್ಳು 18ಕ್ಕೆ ನಿಂತರೆ ದೋಣಿಗಳನ್ನು ಒಂದು ಗೇಣು ಮುಂದೆ ಎಳೆಯುತ್ತೇನೆ. ಮುಳ್ಳು ನಡುಗುತ್ತ ನಡುಗುತ್ತ 26ಕ್ಕೆ ಬಂದು ನಿಂತಾಗ ಅಪ್ಪನ ಕೈ ಮೂಕಿಯ ಕೆಳಗಿದೆ ಅನ್ನಿಸುತ್ತದೆ.

ಮೂಕಿ ಹಗುರಾದರೆ ಏನಾಗುತ್ತದೆ ಎಂಬುದನ್ನು ಒಮ್ಮೆ ಹೆದ್ದಾರಿಯಲ್ಲಿ ಕಂಡಿದ್ದೇನೆ. ಅವತ್ತು ಐಸ್ ತುಂಬಿದ ಪೆಟ್ಟಿಗೆಯನ್ನೂ ಬ್ಯಾಟರಿಯನ್ನೂ ದೋಣಿಯ ಹಿಂಭಾಗದಲ್ಲಿಟ್ಟಿದ್ದೆ. ವೇಗ ಏರಿದಂತೆ ಟ್ರೇಲರು ನಾಯಿ ಬಾಲ ಆಡಿಸಿದ ಹಾಗೆ ಎಡಕ್ಕೂ ಬಲಕ್ಕೂ ಆಡತೊಡಗಿತು. ಆಗ ಬ್ರೇಕ್ ಒತ್ತಬಾರದು, ಸ್ಟೇರಿಂಗ್ ತಿರುಗಿಸಿ ಸರಿಮಾಡಲೂ ಹೋಗಬಾರದು. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ತಾನಾಗಿ ತಣ್ಣಗಾಗುತ್ತದೆ. ಹಾಗೆಯೇ ಮಾಡಿ ಬದಿಗೆ ನಿಲ್ಲಿಸಿ, ಪೆಟ್ಟಿಗೆಯನ್ನು ಮುಂದಕ್ಕೆ ತಂದೆ. ಅಂದಿನಿಂದ ತೂಕದ ಯಂತ್ರ ಗ್ಯಾರೇಜಿನಲ್ಲೇ ಇದೆ.

ಸರಪಳಿ ಎರಡನ್ನು ಮೂಕಿಯ ಕೆಳಗೆ ಗುಣಾಕಾರದ ಗುರುತಿನಂತೆ ಅಡ್ಡಹಾಯಿಸಿ ಸಿಕ್ಕಿಸಬೇಕು. ಬಟ್ಟಲು ಕಳಚಿದರೆ ಮೂಕಿ ರಸ್ತೆಗೆ ಬೀಳದೆ ಆ ತೊಟ್ಟಿಲಲ್ಲಿ ಬೀಳುತ್ತದೆ. ದೀಪದ ತಂತಿ ನಾಲ್ಕು: ಬಿಳಿಯದು ಅರ್ತ್, ಕಂದು ಹಿಂದಿನ ದೀಪಕ್ಕೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ದೋಣಿಯ ಬಾಲ ಟ್ರೇಲರನ್ನು ದಾಟಿ ಚಾಚಿದ್ದರೆ ತುದಿಗೆ ಕೆಂಪು ಬಾವುಟ ಕಟ್ಟುವುದನ್ನು ಮರೆಯಬಾರದು. ಇವೆಲ್ಲ ಐದು ನಿಮಿಷದ ಕೆಲಸ.

ಪಟ್ಟಿ ಬಿಗಿಯುವುದರ ಬಗ್ಗೆ ಮಾತ್ರ ನಾಲ್ಕು ಮಾತು ಹೆಚ್ಚಿಗೆ ಹೇಳಬೇಕು. ದೋಣಿಯನ್ನು ಟ್ರೇಲರಿಗೆ ಬಿಗಿಯುವುದು ಚಪ್ಪಟೆ ನೈಲಾನ್ ಪಟ್ಟಿಯಿಂದ. ಲಾರಿಯವರು ಬಳಸುವ ಹಲ್ಲುಚಕ್ರದ ಬಿಗಿಪಟ್ಟಿ ಇದಕ್ಕೆ ಬೇಡ. ಅದರ ಬಲಕ್ಕೆ ಮಿತಿಯಿಲ್ಲ, ಬಿಸಿಲಿಗೆ ಮೆತ್ತಗಾದ ದೋಣಿಯ ತಳ ಅದರಡಿ ತಗ್ಗು ಬೀಳುತ್ತದೆ. ಕೈಯಿಂದ ಎಳೆದು ನಿಲ್ಲಿಸುವ ಬಕಲ್ ಸಾಕು, ಕೈಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುತ್ತದೆ. ಪಟ್ಟಿಯ ಮೇಲೆ ಬೆರಳು ಮೀಟಿದರೆ ಮಂದ್ರದಲ್ಲಿ ಒಂದು ನಾದ ಬರಬೇಕು. ಮೊದಲ ಸಲ ಹೆದ್ದಾರಿಗೆ ಇಳಿದಾಗ ಹಿಂದಿನಿಂದ ದೊಡ್ಡ ತಂಬೂರಿಯ ಹಾಗೆ ಗುಂಯ್ ಎಂಬ ಸದ್ದು ಕೇಳಿ ಚಕ್ರವೇ ಕೆಟ್ಟಿತೆಂದು ಗಾಡಿ ನಿಲ್ಲಿಸಿದ್ದೆ. ಪಕ್ಕದ ಮನೆಯ ಹಿರಿಯರೊಬ್ಬರು ಆಮೇಲೆ ಕಾರಣ ತೋರಿಸಿದರು. ಚಪ್ಪಟೆ ಪಟ್ಟಿ ಗಾಳಿಗೆ ಎದುರಾಗಿ ಪಟಪಟನೆ ಅದುರಿ ಹಾಡುತ್ತದಂತೆ. ದೋಣಿಗೂ ಟ್ರೇಲರಿನ ಚೌಕಟ್ಟಿಗೂ ನಡುವೆ ಗಾಳಿಯಲ್ಲಿ ನಿಲ್ಲುವ ಪಟ್ಟಿಗೆ ಅವರು ಒಂದು ತಿರುವು ಕೊಟ್ಟರು, ಒಂದೇ ಒಂದು. ಅವತ್ತು ಹೆದ್ದಾರಿಯಲ್ಲಿ ಪಟ್ಟಿ ಸೊಲ್ಲೆತ್ತಲಿಲ್ಲ. ಅಷ್ಟು ದೊಡ್ಡ ಗಲಾಟೆ ಇಷ್ಟು ಚಿಕ್ಕ ತಿರುವಿಗೆ ಅಡಗಿದ್ದನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ಇನ್ನು ಹಿಂದೆ ಹೊಡೆಯುವ ವಿಷಯ. ಮುಂದೆ ಹೋಗುವಾಗ ಟ್ರೇಲರು ಸಾಧು. ಕಾರು ಹೋದಲ್ಲಿಗೆ ತಾಯಿಯ ಸೆರಗು ಹಿಡಿದ ಮಗುವಿನ ಹಾಗೆ ಬರುತ್ತದೆ. ಸ್ವಲ್ಪ ಓರೆಯಾದರೂ ನಾಲ್ಕು ಗಜದಲ್ಲಿ ತಾನೇ ನೇರವಾಗುತ್ತದೆ. ಅದೇ ಟ್ರೇಲರು ರಿವರ್ಸ್ ಗೇರಿಗೆ ಬಿದ್ದ ಕೂಡಲೇ ಬೇರೆ ಪ್ರಾಣಿಯಾಗುತ್ತದೆ. ಗುಂಡು ಒಂದು ಕೀಲು, ಕೀಲಿನ ಹಿಂದಿನ ಭಾರವನ್ನು ಮುಂದಿನಿಂದ ದೂಡುತ್ತಿದ್ದೇವೆ. ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ, ಒಂದು ಕೂದಲೆಳೆ ಓರೆಯಾದರೆ ಆ ಓರೆಯೇ ಇನ್ನಷ್ಟು ಓರೆಯನ್ನು ಹುಟ್ಟಿಸುತ್ತದೆ. ಲೆಕ್ಕ ಹಾಕಿದರೆ ಇದರೊಳಗೆ ಒಂದು ಚೆಂದದ ಸಮತೆ ಇದೆ. ನನ್ನ ಟ್ರೇಲರಿನಲ್ಲಿ ಗುಂಡಿನಿಂದ ಚಕ್ರದ ಅಚ್ಚಿಗೆ ಎರಡೂವರೆ ಮೀಟರ್. ಸ್ಟೇರಿಂಗ್ ನೇರ ಇಟ್ಟು ಅಷ್ಟು ದೂರ ಹಿಂದೆ ಹೋದರೆ, ಮೊದಲಿದ್ದ ಸಣ್ಣ ಓರೆ ಸುಮಾರು ಎರಡೂಮುಕ್ಕಾಲು ಪಟ್ಟು ಬೆಳೆದಿರುತ್ತದೆ. ಅಷ್ಟೇ ದೂರ ಮುಂದೆ ಹೋದರೆ ಅಷ್ಟೇ ಪಟ್ಟು ಕುಗ್ಗಿರುತ್ತದೆ. ಹಿಂದೆ ಹೋಗುವಾಗ ಕೆಟ್ಟದ್ದನ್ನು ಮುಂದೆ ಹೋಗುವುದು ತಿದ್ದುತ್ತದೆ ಎಂಬ ಚಾಲಕರ ಅನುಭವದ ಮಾತಿಗೆ ಗಣಿತವೇ ರುಜು ಹಾಕಿದೆ.

ಇದರಿಂದಲೇ ಇನ್ನೊಂದು ಅಚ್ಚರಿ ಹೊರಡುತ್ತದೆ. ಇಪ್ಪತ್ತು ಅಡಿ ಮೋಟಾರು ದೋಣಿಯ ಉದ್ದ ಟ್ರೇಲರು ಹಿಂದೆ ಹೊಡೆಯಲು ಸುಲಭ, ಕಯಾಕಿನ ಪುಟ್ಟ ಟ್ರೇಲರು ಕಷ್ಟ. ಉದ್ದನೆಯದು ನಿಧಾನವಾಗಿ ಓರೆಯಾಗುತ್ತದೆ, ಯೋಚಿಸಲು ಹೊತ್ತು ಕೊಡುತ್ತದೆ. ಗಿಡ್ಡನೆಯದು ಕಣ್ಣು ಮಿಟುಕಿಸುವಷ್ಟರಲ್ಲಿ ಮೊಣಕೈಯಂತೆ ಮಡಚಿಕೊಂಡು ಕಾರಿನ ಬಂಪರಿಗೆ ಬಂದು ಬಡಿಯುತ್ತದೆ. ಮೇಲಾಗಿ ಅದು ಕಾರಿಗಿಂತ ಕಿರಿದು. ಖಾಲಿಯಿದ್ದರೆ ಕನ್ನಡಿಯಲ್ಲಿ ಕಾಣುವುದೇ ಇಲ್ಲ, ಕಂಡಾಗ ಆಗಲೇ ಕೆಟ್ಟಿರುತ್ತದೆ. ಅದಕ್ಕೆಂದೇ ಟ್ರೇಲರಿನ ಎರಡು ಹಿಂಮೂಲೆಗಳಲ್ಲಿ ನಾಲ್ಕಡಿಯ ಬಿಳಿ ಪ್ಲಾಸ್ಟಿಕ್ ಪೈಪು ನಿಲ್ಲಿಸಿದ್ದೇನೆ. ಟ್ರೇಲರು ಕಾಣದಿದ್ದರೂ ಕಂಬಗಳು ಕಾಣುತ್ತವೆ.

ಮೊದಲ ಬೇಸಿಗೆ ನನಗೆ ಇದು ಒಲಿಯಲಿಲ್ಲ. ಎಡಕ್ಕೆಂದು ತಿರುಗಿಸಿದರೆ ಟ್ರೇಲರು ಬಲಕ್ಕೆ ಹೋಗುತ್ತಿತ್ತು, ಅದನ್ನು ಹಿಡಿಯಲು ಹೋದರೆ ಎಡಕ್ಕೆ ಮಡಚುತ್ತಿತ್ತು. ಒಂದು ಸಂಜೆ ಹಿಂದಿನ ದೀಪವೊಂದನ್ನು ಕಂಬಕ್ಕೆ ತಾಗಿಸಿ ಒಡೆದುಕೊಂಡು ಮನೆಗೆ ಬಂದವನು ಮುಧೋಳಕ್ಕೆ ಫೋನು ಮಾಡಿದೆ. ನಮ್ಮ ಕಾಕಾ ಮೂವತ್ತು ಹಂಗಾಮು ಕಬ್ಬಿನ ಟ್ರ್ಯಾಕ್ಟರ್ ಹೊಡೆದವರು. ಘಟಪ್ರಭೆಯ ದಂಡೆಯ ಗದ್ದೆಗಳಿಂದ ಕಾರ್ಖಾನೆಗೆ ಕಬ್ಬು ಹೋಗುವುದು ಜೋಡಿ ಟ್ರ್ಯಾಲಿಯಲ್ಲಿ: ಮುಂದೆ ಟ್ರ್ಯಾಕ್ಟರು, ಅದಕ್ಕೊಂದು ಟ್ರ್ಯಾಲಿ, ಆ ಟ್ರ್ಯಾಲಿಗೆ ಇನ್ನೊಂದು. ಕೀಲಿನ ಹಿಂದೆ ಕೀಲು. ಕೊನೆಯ ಟ್ರ್ಯಾಲಿ ಎಡಕ್ಕೆ ಹೋಗಬೇಕಾದರೆ ಮೊದಲಿನದು ಬಲಕ್ಕೆ ಸರಿಯಬೇಕು, ಅದು ಬಲಕ್ಕೆ ಸರಿಯಲು ಟ್ರ್ಯಾಕ್ಟರಿನ ಬೆನ್ನು ಎಡಕ್ಕೆ ಒತ್ತಬೇಕು. ಅದನ್ನು ಕಾಕಾ ಗದ್ದೆಯ ಇಕ್ಕಟ್ಟು ದಾರಿಯಲ್ಲಿ, ಕತ್ತಲಲ್ಲಿ, ಹಿಂದೆ ತಿರುಗಿ ನೋಡುತ್ತ ಬೀಡಿ ಸೇದಿಕೊಂಡೇ ಮಾಡುತ್ತಿದ್ದರು. ನಮ್ಮ ಕಡೆ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ರಿವರ್ಸ್ ಹೊಡೆಯುವ ಪಂದ್ಯವನ್ನೇ ಇಡುತ್ತಾರೆ; ತೇರು ನೋಡಲು ಬಂದಷ್ಟೇ ಜನ ಅದನ್ನು ನೋಡಲೂ ಸೇರುತ್ತಾರೆ. ಟ್ರ್ಯಾಲಿ ಗೆರೆಯೆಳೆದ ಹಾಗೆ ಹಿಂದೆ ಹೋದರೆ ಶಿಳ್ಳೆ ಬೀಳುತ್ತದೆ. ಗಾಡಿ ಹಿಂದೆ ಹೋಗುವುದನ್ನೂ ಕಲೆಯೆಂದು ಕಂಡು ಶಿಳ್ಳೆ ಹೊಡೆಯುವ ನಾಡು ನಮ್ಮದು ಎಂಬುದು ನನಗೆ ಹೆಮ್ಮೆ.

ಕಾಕಾ ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟು: “ತಮ್ಮಾ, ಸ್ಟೇರಿಂಗ್ ಮ್ಯಾಲ ಹಿಡೀಬ್ಯಾಡ, ಕೆಳಗ ಹಿಡಿ. ಟ್ರ್ಯಾಲಿ ಯಾ ಕಡೆ ಹೋಗಬೇಕೋ ಆ ಕಡೆ ಕೈ ಒಯ್ಯಿ. ಎಮ್ಮಿ ಹಿಂದ ಸರಸೂದಿಲ್ಲೇನು, ಹಂಗ. ಮೂಗಿಗೆ ಬಳ್ಳ ಹಚ್ಚಿದ್ರ ಸಾಕು. ಜೋರ ಮಾಡಿದ್ರ ಅಡ್ಡ ನಿಂದರತೈತಿ ನೋಡು.”

ಗಡಿಯಾರದಲ್ಲಿ ಆರು ಇರುವ ಕಡೆ ಸ್ಟೇರಿಂಗನ್ನು ಹಿಡಿಯುವುದು. ಅಷ್ಟೇ. ಕೈ ಎಡಕ್ಕೆ ಹೋದರೆ ಟ್ರೇಲರು ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ತಲೆಯೊಳಗೆ ಉಲ್ಟಾ ಪಲ್ಟಾ ಮಾಡುವ ತೊಂದರೆಯೇ ಇಲ್ಲ. ಪಕ್ಕದ ಮನೆಯ ಹಿರಿಯರಿಗೆ ಇದನ್ನು ಹೇಳಿದಾಗ ಅವರು ಕಣ್ಣರಳಿಸಿ ನಕ್ಕರು. ಅವರ ತಂದೆ ಐವತ್ತು ವರ್ಷದ ಹಿಂದೆ ಜೋಳದ ಹೊಲದಲ್ಲಿ ಅವರಿಗೆ ಕಲಿಸಿದ್ದೂ ಇದನ್ನೇ ಅಂತೆ.

ಒಂದು ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಎರಡು ಬಕೆಟ್ ಇಟ್ಟುಕೊಂಡು ಅಭ್ಯಾಸಕ್ಕೆ ಇಳಿದೆ. ಆಕ್ಸಿಲರೇಟರ್ ಮುಟ್ಟಲಿಲ್ಲ. ಬ್ರೇಕಿನ ಮೇಲೆ ಕಾಲು ಸಡಿಲಿಸಿದರೆ ಕಾರು ತಾನೇ ಇರುವೆಯ ನಡಿಗೆಯಲ್ಲಿ ಹಿಂದೆ ಸರಿಯುತ್ತದಲ್ಲ, ಅದೇ ವೇಗ. ಕೈಯನ್ನು ಎರಡು ಬೆರಳಗಲ ಎಡಕ್ಕೆ ಒಯ್ದೆ. ಏನೂ ಆಗಲಿಲ್ಲ. ಕಾಯಬೇಕು, ಟ್ರೇಲರಿಗೆ ಮಾತು ಮುಟ್ಟಲು ಒಂದು ಗಳಿಗೆ ಬೇಕು, ಆ ಗಳಿಗೆಯಲ್ಲಿ ಗಾಬರಿಯಾಗಿ ಇನ್ನಷ್ಟು ತಿರುಗಿಸಿದರೆ ಕೆಟ್ಟಿತು. ಕಾದೆ. ಎಡ ಕನ್ನಡಿಯಲ್ಲಿ ಬಿಳಿ ಕಂಬ ಮೆಲ್ಲನೆ ಇಣುಕಿತು. ಯಾವ ಕನ್ನಡಿಯಲ್ಲಿ ಕಂಬ ಹೊರಗೆ ಬರುತ್ತದೋ ಆ ಕನ್ನಡಿಯ ಕಡೆಗೇ ಸ್ಟೇರಿಂಗಿನ ನೆತ್ತಿಯನ್ನು ತುಸು ತಿರುಗಿಸಿದರೆ ಅದು ಒಳಗೆ ಹೋಗುತ್ತದೆ. ತಿರುಗಿಸಿದೆ. ಕಂಬ ನಿಂತಿತು, ಯೋಚಿಸಿತು, ಹಿಂದಕ್ಕೆ ಸರಿದು ಮರೆಯಾಯಿತು. ಬಲ ಕನ್ನಡಿಯಲ್ಲಿ ಇನ್ನೊಂದು ಇಣುಕುವ ಮೊದಲೇ ಕೈ ನೇರಕ್ಕೆ ಬಂದಿತ್ತು. ಎರಡು ಕನ್ನಡಿಗಳ ಅಂಚಿನಲ್ಲಿ ಎರಡು ಕಂಬಗಳು ಸಮನಾಗಿ, ಬಾಗಿಲ ಎರಡು ಪಕ್ಕದ ದೀಪದ ಮಲ್ಲಿಯರ ಹಾಗೆ ನಿಂತವು. ಬಕೆಟ್‌ಗಳ ನಡುವೆ ಟ್ರೇಲರು ತೂರಿತು. ಸೂಜಿಗೆ ದಾರ ಪೋಣಿಸಿದಾಗ ಆಗುವ ಆ ಚಿಕ್ಕ ಹಿಗ್ಗು ಬೆನ್ನುಹುರಿಯಲ್ಲಿ ಹರಿದಿತ್ತು.

ಇಲ್ಲಿಗೆ ಹತ್ತಿರದ ಡಿಯರ್‌ಬಾರ್ನ್‌ನಲ್ಲೇ ನೆಲೆಯಿರುವ ಫೋರ್ಡ್ ಕಂಪನಿ 2016ರ ಎಫ್-150 ಪಿಕಪ್ಪಿನಲ್ಲಿ ಟ್ರೇಲರು ಹಿಂದೆ ಹೊಡೆಯಲೆಂದೇ ಒಂದು ಗುಂಡಿ ತಂದಿತು. ಗುಂಡಿಯನ್ನು ಬೇಕಾದ ಕಡೆಗೆ ತಿರುವಿದರೆ ಸಾಕು, ಸ್ಟೇರಿಂಗನ್ನು ಗಾಡಿಯೇ ನೋಡಿಕೊಳ್ಳುತ್ತದೆ. ದಿನವೂ ಟ್ರೇಲರು ಎಳೆದು ಹೊಟ್ಟೆ ಹೊರೆಯುವವರಿಗೆ, ಕತ್ತು ಹೊರಳದ ವಯಸ್ಸಾದವರಿಗೆ ಅದು ದೊಡ್ಡ ಉಪಕಾರ. ನಾನು ಮಾತ್ರ ಇದನ್ನು ಕೈಯಿಂದಲೇ ಮಾಡಬಯಸುವವನು. ಹಾರ್ಮೋನಿಯಂ ಮನೆಗೆ ಸ್ವರ ಒತ್ತುವುದಕ್ಕೂ ಪಿಟೀಲಿನ ತಂತಿಯ ಮೇಲೆ ಬೆರಳು ಜಾರಿಸಿ ಸ್ವರದ ಜಾಗ ಹುಡುಕುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ.

ರ‍್ಯಾಂಪು ಅಂದರೆ ಕೆರೆಯೊಳಕ್ಕೆ ಇಳಿಯುವ ಕಾಂಕ್ರೀಟಿನ ಇಳಿಜಾರು. ನೂರಡಿಗೆ ಹನ್ನೆರಡರಿಂದ ಹದಿನೈದು ಅಡಿ ಇಳಿಯುತ್ತದೆ, ಟೈರು ಜಾರದಿರಲೆಂದು ಅಡ್ಡಗೀರು ಹಾಕಿರುತ್ತಾರೆ. ನೀರು ಮುಟ್ಟುವ ಕಡೆ ಪಾಚಿ ಇರುತ್ತದೆ. ಅಲ್ಲಿ ಕಾಲಿಟ್ಟವರು ಕೂತೇ ಏಳುವುದು. ನಾವು ಹೋಗುವುದು ಬೆಳಕು ಹರಿಯುವ ಮೊದಲು. ಮೇಲೆ ಸಮತಟ್ಟಿನಲ್ಲೇ ನಿಲ್ಲಿಸಿ ಪಟ್ಟಿ ಬಿಚ್ಚಿ, ಗಾಳ, ತುಳಿಪೆಡಲು, ತೇಲುಜಾಕೀಟು ಎಲ್ಲ ಜೋಡಿಸಿಕೊಂಡು ತಯಾರಾಗುತ್ತೇವೆ. ರ‍್ಯಾಂಪಿನ ಮೇಲೆ ನಿಂತು ಸಾಮಾನು ಹೊಂದಿಸುತ್ತ ಬೇರೆಯವರನ್ನು ಕಾಯಿಸುವುದು ಸಭ್ಯರ ಲಕ್ಷಣವಲ್ಲ. ಕತ್ತಲಿದ್ದರೆ ಕಾರಿನ ಮುಂದೀಪವನ್ನೂ ಆರಿಸುತ್ತೇನೆ, ನನ್ನಂತೆಯೇ ಹಿಂದೆ ಹೊಡೆಯಲು ಕಾದಿರುವವರ ಕಣ್ಣು ಕುಕ್ಕಬಾರದು.

ಆಮೇಲೆ ಕಾರಿನಿಂದ ಇಳಿದು ಗಾಡಿಯನ್ನೂ ಟ್ರೇಲರನ್ನೂ ಒಂದು ಸುತ್ತು ಹಾಕುತ್ತೇನೆ. ಇದೊಂದನ್ನು ಯಾವ ಆತುರಕ್ಕೂ ಬಿಟ್ಟುಕೊಡುವುದಿಲ್ಲ. ಮೂರು ವರ್ಷದ ಹಿಂದೆ ಹಾಗೆ ಸುತ್ತು ಬಂದಾಗ ಟ್ರೇಲರಿನ ಚಕ್ರದ ಹಿಂದೆ ನಾಲ್ಕು ವರ್ಷದ ಮಗುವೊಂದು ಕುಕ್ಕರುಗಾಲಲ್ಲಿ ಕೂತು ಕಪ್ಪೆ ನೋಡುತ್ತಿತ್ತು. ಕನ್ನಡಿಗೂ ಕಾಣದ, ಕ್ಯಾಮೆರಾಕ್ಕೂ ಕಾಣದ ಜಾಗ. ಮಗುವನ್ನು ಎತ್ತಿ ತಂದೆಯ ಕೈಗೆ ಕೊಟ್ಟು ಬಂದು ಸ್ಟೇರಿಂಗ್ ಮುಂದೆ ಕೂತವನಿಗೆ ಹತ್ತು ನಿಮಿಷ ಕೈ ಆಡಲಿಲ್ಲ.

ಕೆಳಗೆ ನಿಂತು ದಾರಿ ತೋರಿಸುವುದು ನನ್ನ ಹೆಂಡತಿ. ಅವಳ ತಂದೆ ಹಾಸನದ ಕಡೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಬಸ್ಸು ಹಿಂದೆ ಬರುವಾಗ ಕಂಡಕ್ಟರ್ ಇಳಿದು ಎಲ್ಲಿ ನಿಲ್ಲಬೇಕು, ಕೈ ಹೇಗೆ ಬೀಸಬೇಕು ಎಂಬುದು ಅವಳಿಗೆ ಮನೆಯ ವಿದ್ಯೆ. ಟ್ರೇಲರಿನ ಹಿಂದೆ ಅವಳು ಯಾವತ್ತೂ ನಿಲ್ಲುವುದಿಲ್ಲ. ಎಡಬದಿಗೆ, ನನ್ನ ಕನ್ನಡಿಯಲ್ಲಿ ಅವಳ ಮುಖ ಕಾಣುವ ಹಾಗೆ ನಿಲ್ಲುತ್ತಾಳೆ. ಅವಳು ಕಾಣದಾದರೆ ನಾನು ಗಾಡಿ ನಿಲ್ಲಿಸಬೇಕು, ಇದು ನಮ್ಮಿಬ್ಬರ ಕಟ್ಟಳೆ. ಇಳಿಸಿದ ಕಿಟಕಿಯಿಂದ ಅವಳ ದನಿ ಬರುತ್ತದೆ: “ಬರ್ಲಿ… ಬರ್ಲಿ… ಬರ್ಲಿ…” ನಾಲ್ಕೂ ಕಡೆ ಮೇಪಲ್ ಮರಗಳ ನಿಶ್ಶಬ್ದ, ನೀರಿನ ಮೇಲೆ ಹೊಗೆಯಂಥ ಮಂಜು, ಎಲ್ಲೋ ಒಂದು ಲೂನ್ ಹಕ್ಕಿಯ ಕೂಗು, ಅದರ ನಡುವೆ ಹಾಸನದ ಬಸ್‌ಸ್ಟ್ಯಾಂಡಿನ ಮಾತು. ಟೈರು ನೀರನ್ನು ಮುಟ್ಟಿದ ಕೂಡಲೇ “ಹೋಲ್ಡಾನ್!” ಅವಳ ಅಂಗೈ ಟ್ರೇಲರಿನ ಮೈಮೇಲೆ ಪಟ್ಟೆಂದು ಬೀಳುತ್ತದೆ. ಹ್ಯಾಂಡ್‌ಬ್ರೇಕು, ಪಾರ್ಕ್ ಗೇರು, ಚಕ್ರಕ್ಕೆ ಮರದ ಅಡೆ.

ಕಯಾಕಿನವರ ಭಾಗ್ಯವೆಂದರೆ ಟ್ರೇಲರನ್ನು ನೀರಲ್ಲಿ ಮುಳುಗಿಸಬೇಕಾಗಿಲ್ಲ. ದಾರಿಯುದ್ದಕ್ಕೂ ಓಡಿ ಬಿಸಿಯಾದ ಚಕ್ರದ ಗುಂಬವನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ, ಬೇರಿಂಗಿನ ಗ್ರೀಸು ಕೆಡುತ್ತದೆ. ನಾವು ಅಂಚಿನಲ್ಲೇ ನಿಂತು ದೋಣಿಯನ್ನು ಹಿಂದಕ್ಕೆ ಜಾರಿಸುತ್ತೇವೆ. ಕಾರ್ಪೆಟ್ ಹೊದಿಸಿದ ಹಲಗೆಯ ಮೇಲೆ ಅದು ಸುಯ್ಯೆಂದು ಜಾರಿ, ಬಾಲ ಮೊದಲು ನೀರಿಗಿಳಿದು ತೇಲುತ್ತದೆ. 55 ಕೆ.ಜಿ. ಇದ್ದದ್ದು ಒಂದು ಬೆರಳಿಗೆ ಹಗುರಾಗುತ್ತದೆ.

ಮರಳುವಾಗ ಇನ್ನೊಂದು ಕೆಲಸವಿದೆ. ಕ್ಯಾಸ್ಪಿಯನ್ ಮತ್ತು ಕಪ್ಪುಸಮುದ್ರದ ಕಡೆಯ ಪಟ್ಟೆಪಟ್ಟೆ ಚಿಪ್ಪಿನ ಜೀಬ್ರಾ ಮಸಲ್ ಎಂಬ ಬೆರಳುಗುರಿನಷ್ಟು ಜೀವಿ ಹಡಗುಗಳ ತಳನೀರಿನಲ್ಲಿ ಇಲ್ಲಿಗೆ ಬಂದು, 1988ರಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಇದೇ ಲೇಕ್ ಸೇಂಟ್ ಕ್ಲೇರ್‌ನಲ್ಲಿ. ಆಮೇಲೆ ಅದು ಕೆರೆಯಿಂದ ಕೆರೆಗೆ ದಾಟಿದ್ದು ನಮ್ಮಂಥವರ ದೋಣಿ, ಟ್ರೇಲರುಗಳ ಮೂಲಕವೂ ಹೌದು. 2019ರಿಂದ ಮಿಷಿಗನ್‌ನಲ್ಲಿ ದೋಣಿಯ ಬಿರಡೆ ತೆಗೆದು, ನೀರು ಬಸಿದು, ಅಂಟಿದ ಕಳೆ ಕಿತ್ತ ಮೇಲೆಯೇ ರಸ್ತೆಗೆ ಇಳಿಯಬೇಕೆಂದು ಕಾನೂನಿದೆ. ಟ್ರೇಲರಿನ ಅಚ್ಚಿಗೆ ಸುತ್ತಿದ ನೀರುಬಳ್ಳಿಯನ್ನು ಎಳೆ ಎಳೆಯಾಗಿ ಬಿಡಿಸಿ ಒಣನೆಲಕ್ಕೆ ಎಸೆಯುತ್ತೇವೆ. ಮನೆಗೆ ಬಂದು ಗ್ಯಾರೇಜಿಗೆ ಹಿಂದೆ ಹೊಡೆಯುವಾಗ ಮತ್ತೆ ಅದೇ ಬರ್ಲಿ, ಬರ್ಲಿ. ಆ ದನಿಗೆ ಬೀದಿಯ ಮಕ್ಕಳು ಸೈಕಲ್ ನಿಲ್ಲಿಸಿ ನೋಡುತ್ತಾರೆ. ಹೋಲ್ಡಾನ್ ಎಂಬ ಕೂಗನ್ನು ಈಗ ಅವರೂ ಸೇರಿಸುತ್ತಾರೆ.

ಕಾಕಾ ಈಗ ಟ್ರ್ಯಾಕ್ಟರ್ ಬಿಟ್ಟಿದ್ದಾರೆ. ಹೋದ ವರ್ಷ ಹೆಂಡತಿ ರ‍್ಯಾಂಪಿನಲ್ಲಿ ತೆಗೆದ ವಿಡಿಯೊ ಕಳಿಸಿದ್ದೆ. ನೋಡಿ, ದೋಣಿಯ ಬಗ್ಗೆ, ಕೆರೆಯ ಬಗ್ಗೆ, ಸಿಕ್ಕ ಮೀನಿನ ಬಗ್ಗೆ ಏನೂ ಕೇಳಲಿಲ್ಲ. “ಕೈ ಹಗುರಾಗೇತಿ” ಅಂದರು.

ಕೆರೆಯ ದಂಡೆಯಲ್ಲಾಗಲಿ, ಕಬ್ಬಿನ ಗದ್ದೆಯ ದಾರಿಯಲ್ಲಾಗಲಿ, ಯಾರಾದರೂ ಟ್ರೇಲರು ಹಿಂದೆ ಹೊಡೆಯುತ್ತಿರುವುದು ಕಂಡರೆ ದಯವಿಟ್ಟು ಮಾತನಾಡಿಸಬೇಡಿ. ಮಕ್ಕಳ ಕೈ ಹಿಡಿದುಕೊಂಡು, ಅವರ ಕನ್ನಡಿಯಲ್ಲಿ ಕಾಣುವ ಕಡೆ ನಿಂತು, ಪೂರ್ತಿ ನೋಡಿ.